ಮನೆಯಲ್ಲೇ ಮರದ ಕಿಚನ್ ಐಲ್ಯಾಂಡ್: ಪದೇ ಪದೇ ಕೇಳುವ ಪ್ರಶ್ನೆಗಳು

ಅಡುಗೆಮನೆಯ ನಡುವೆ, ಗೋಡೆಗೆ ತಾಗದೆ ನಿಲ್ಲುವ ಕೆಲಸದ ಮೇಜಿಗೆ ಈಗ ಎಲ್ಲರೂ ಕಿಚನ್ ಐಲ್ಯಾಂಡ್ ಅಂತಲೇ ಹೇಳುತ್ತಾರೆ. ಇಲ್ಲಿರುವುದು ಅದರ ತೀರ ಸರಳ ರೂಪ. ನಾಲ್ಕು ಕಾಲು, ಮೇಲೊಂದು ದಪ್ಪ ಹಲಗೆ, ಕೆಳಗೆ ಪಾತ್ರೆ ಇಡಲು ಒಂದು ಶೆಲ್ಫ್. ಅಳತೆ 4 ಅಡಿ ಉದ್ದ, 2 ಅಡಿ ಅಗಲ.

ಇಂಟರ್ನೆಟ್ಟಿನಲ್ಲಿ ಸಿಗುವ ಹೆಚ್ಚಿನ ನಕ್ಷೆಗಳು ಹೊರದೇಶದ ಮನೆಗಳಿಗಾಗಿ ಬರೆದವು. ನಮ್ಮಲ್ಲಿ ದಿನಾ ನೆಲ ಒರೆಸುತ್ತೇವೆ. ತೊಳೆದ ಪಾತ್ರೆಯನ್ನು ನೀರು ಸೋರುತ್ತಿರುವಾಗಲೇ ತಂದಿಡುತ್ತೇವೆ. ಮಳೆಗಾಲದಲ್ಲಿ ಉಪ್ಪಿನ ಡಬ್ಬಿಯೇ ನೀರಾಗುತ್ತದೆ. ಹಾಗಾಗಿ ಮರ, ಅಂಟು, ಕಾಲು, ಎಣ್ಣೆ, ಎಲ್ಲವನ್ನೂ ನೀರನ್ನು ಮನಸ್ಸಿನಲ್ಲಿಟ್ಟುಕೊಂಡೇ ಆರಿಸಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಕೆಳಗಿನ ಉತ್ತರಗಳೆಲ್ಲ ಆ ಲೆಕ್ಕದಲ್ಲೇ ಇವೆ.

ನಮ್ಮ ಅಡುಗೆಮನೆಯಲ್ಲಿ ಇದು ಹಿಡಿಸುತ್ತಾ?

ಓಡಾಡಲು ಸುತ್ತಲೂ ಕನಿಷ್ಠ 3 ಅಡಿ ಬಿಡಿ. ಇಬ್ಬರು ಒಟ್ಟಿಗೆ ಕೆಲಸ ಮಾಡುವ ಮನೆಯಾದರೆ ಮೂರೂವರೆ. ಈ ಜಾಗವನ್ನು ಅಡುಗೆ ಕಟ್ಟೆಯ ಅಂಚಿನಿಂದ ಅಳೆಯಬೇಕು. ಒಂದೇ ಬದಿಗೆ 2 ಅಡಿಯ ಕಟ್ಟೆ ಇರುವ ಕೋಣೆಯಾದರೆ ಲೆಕ್ಕ ಹೀಗೆ: ಕಟ್ಟೆ 2, ದಾರಿ 3, ಐಲ್ಯಾಂಡ್ 2, ಮತ್ತೆ ದಾರಿ 3. ಒಟ್ಟು 10 ಅಡಿ ಅಗಲ ಬೇಕು.

ಅಷ್ಟಿಲ್ಲವಾದರೆ ಅಗಲವನ್ನು ಒಂದೂವರೆ ಅಡಿಗೆ ಇಳಿಸಿ, ಚಕ್ರ ಹಾಕಿ, ಬೇಡದಾಗ ಗೋಡೆಗೆ ತಳ್ಳಿಡಿ. ಮರ ಕೊಳ್ಳುವ ಮೊದಲು ಹಳೇ ರಟ್ಟನ್ನು ಅದೇ ಅಳತೆಗೆ ಕತ್ತರಿಸಿ ನೆಲಕ್ಕೆ ಅಂಟಿಸಿ, ಅದನ್ನು ತುಳಿಯದೆ ಎರಡು ದಿನ ಅಡುಗೆ ಮಾಡಿ ನೋಡಿ. ಫ್ರಿಜ್ ಬಾಗಿಲು ಪೂರ್ತಿ ತೆರೆಯುತ್ತಾ, ಸಿಲಿಂಡರ್ ಹೊರಗೆ ಎಳೆಯಲು ಆಗುತ್ತಾ ಅನ್ನೋದು ಆಗಲೇ ಗೊತ್ತಾಗುತ್ತದೆ.

ಎತ್ತರ ಎಷ್ಟಿರಬೇಕು?

ಅಲ್ಲಿ ಹೆಚ್ಚು ಹೊತ್ತು ನಿಲ್ಲುವವರ ಮೊಣಕೈಯನ್ನು ಕೇಳಬೇಕು. ನೆಟ್ಟಗೆ ನಿಂತು ಮೊಣಕೈ ಮಡಚಿ, ನೆಲದಿಂದ ಮೊಣಕೈವರೆಗೆ ಅಳೆಯಿರಿ. ತರಕಾರಿ ಹೆಚ್ಚಲು ಅದಕ್ಕಿಂತ 4ರಿಂದ 5 ಇಂಚು ಕಡಿಮೆ ಇರಲಿ. 5 ಅಡಿ 2 ಇಂಚು ಎತ್ತರದವರಿಗೆ ಇದು ಹೆಚ್ಚುಕಡಿಮೆ 34 ಇಂಚು ಆಗುತ್ತದೆ.

ಚಪಾತಿ ಲಟ್ಟಿಸಲು, ಜೋಳದ ರೊಟ್ಟಿ ಬಡಿಯಲು ಅಷ್ಟು ಎತ್ತರ ಜಾಸ್ತಿಯಾಗುತ್ತದೆ. ಮೈಭಾರ ಕೈಗೆ ಇಳಿಯಬೇಕಲ್ವಾ? ಅದಕ್ಕೆ 31 ಇಂಚು ಹಿತ. ಮನೆಯಲ್ಲಿ ದಿನಾ ರೊಟ್ಟಿ ಬಡಿಯುವವರಿದ್ದರೆ ಐಲ್ಯಾಂಡನ್ನೇ 31 ಇಂಚಿಗೆ ಮಾಡಿ, ಹೆಚ್ಚುವಾಗ ದಪ್ಪ ಹಲಗೆ ಇಟ್ಟುಕೊಳ್ಳಿ. ಹೊರದೇಶದ ನಕ್ಷೆಗಳಲ್ಲಿರುವ 36 ಇಂಚನ್ನು ಹಾಗೇ ನಕಲು ಮಾಡಿದರೆ ಭುಜ ನೋಯುತ್ತದೆ. ಅಮ್ಮನೋ ಅತ್ತೆಯೋ ಅಡುಗೆಮನೆಯಲ್ಲಿ ಹೆಚ್ಚು ಹೊತ್ತು ಇರುವವರಾದರೆ ಅವರನ್ನೇ ನಿಲ್ಲಿಸಿ ಅಳೆಯಿರಿ.

ಯಾವ ಮರ ಒಳ್ಳೆಯದು?

ಕೈಯಲ್ಲಿ ಹಣ ಇದ್ದರೆ ತೇಗ. ಅದರಲ್ಲೇ ಎಣ್ಣೆಯ ಅಂಶ ಇರುವುದರಿಂದ ನೀರು ಬೇಗ ಹಿಡಿಯುವುದಿಲ್ಲ. ಹಿಗ್ಗುವುದು, ಕುಗ್ಗುವುದು ಕಡಿಮೆ. ಗೆದ್ದಲೂ ಸುಲಭಕ್ಕೆ ಮುಟ್ಟುವುದಿಲ್ಲ. ಆದರೆ ಬೆಲೆ ಸಿಲ್ವರ್ ಓಕಿನ ಹಲವು ಪಟ್ಟು.

ಮಲೆನಾಡು, ಕರಾವಳಿಯವರಿಗೆ ನಾನು ಮೊದಲು ಹೇಳುವುದು ಹಲಸು. ಹೊಸದರಲ್ಲಿ ಹಳದಿ, ವರ್ಷ ಕಳೆದಂತೆ ಜೇನಿನ ಬಣ್ಣ, ಆಮೇಲೆ ಕಂದು. ಕೆಲಸ ಮಾಡಲು ಸುಲಭ, ಬಾಳಿಕೆ ಚೆನ್ನಾಗಿದೆ. ಮೃದಂಗದ ಮರದ ಒಡಲಿಗೂ ಹಲಸನ್ನೇ ಆರಿಸುತ್ತಾರೆ. ಹೊಳಪಿನ ತೇಗಕ್ಕಾಗಿ ಸಾಲ ಮಾಡುವ ಬದಲು ಒಳ್ಳೆಯ ಹಲಸಿನ ಹಲಗೆ ಹುಡುಕುವುದು ಜಾಣತನ.

ಸಿಲ್ವರ್ ಓಕ್ ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲಿ ನೆರಳಿಗೆ ಬೆಳೆಸುವ ಮರ. ಹಗುರ, ಅಗ್ಗ, ನೋಡಲೂ ಚೆಂದ. ಆದರೆ ಹುಳು ಬೀಳುತ್ತದೆ, ನೀರಿನಲ್ಲಿ ಬೇಗ ಹಾಳಾಗುತ್ತದೆ. ಹುಳುವಿಗೆ ಔಷಧಿ ಹಾಕಿದ ಮರವನ್ನೇ ಕೇಳಿ ತನ್ನಿ. ರಬ್ಬರ್ ಮರವೂ ಹಾಗೆಯೇ. ಔಷಧಿ ಹಾಕದ ರಬ್ಬರ್ ಮರ ಮನೆಗೆ ತರಲೇಬೇಡಿ. ಚಿಕ್ಕ ತುಂಡುಗಳನ್ನು ಬೆರಳಿಗೆ ಬೆರಳು ಹೆಣೆದಂತೆ ಸೇರಿಸಿ ಅಂಟಿಸಿದ ರಬ್ಬರ್ ಬೋರ್ಡು ಫಿಂಗರ್ ಜಾಯಿಂಟ್ ಹೆಸರಲ್ಲಿ ಸಿಗುತ್ತದೆ. ಮೊದಲ ಸಲ ಮಾಡುವವರಿಗೆ ಅದು ಅನುಕೂಲ, ಹಲಗೆಗಳನ್ನು ಪಕ್ಕಪಕ್ಕ ಅಂಟಿಸುವ ಕೆಲಸವೇ ಉಳಿಯುತ್ತದೆ.

ಅಕೇಶಿಯಾ ಗಟ್ಟಿ, ಕಾಲುಗಳಿಗೆ ಒಳ್ಳೆಯದು, ಆದರೆ ಸರಿಯಾಗಿ ಒಣಗದಿದ್ದರೆ ಸೀಳುತ್ತದೆ. ನೀಲಗಿರಿ ತಿರುಚಿಕೊಳ್ಳುತ್ತದೆ, ಬೇಡ. ಮಾವು ಅಗ್ಗ, ಆದರೆ ತೇವ ಸಿಕ್ಕರೆ ಬೂಷ್ಟು, ಹುಳು ಎರಡೂ ಬರುತ್ತವೆ.

ಹೊನ್ನೆಯ ಬಗ್ಗೆ ಒಂದು ಎಚ್ಚರಿಕೆ. ಬಾಗಿಲಿಗೆ, ಕಾಲುಗಳಿಗೆ ಅದು ಬಂಗಾರದಂಥ ಮರ. ಆದರೆ ಒದ್ದೆಯಾದರೆ ಬಣ್ಣ ಬಿಡುತ್ತದೆ. ಹೊನ್ನೆ ಮರದ ಲೋಟದಲ್ಲಿ ಇಟ್ಟ ನೀರು ಕಂದು ಬಣ್ಣಕ್ಕೆ ತಿರುಗುವುದನ್ನು ನೀವೂ ನೋಡಿರಬಹುದು. ಚಪಾತಿ ಹಿಟ್ಟು, ಬಿಳಿ ಬಟ್ಟೆ ತಾಗುವ ಮೇಲಿನ ಹಲಗೆಗೆ ಹೊನ್ನೆ ಬಳಸಬೇಡಿ.

ಮಾಂಸ ಕೊಚ್ಚಲು ಒಂದು ಮೂಲೆ ಬೇಕು ಅನ್ನುವವರು ಹುಣಸೆ ಮರದ ಕೊರಡನ್ನು ಬೇರೆಯಾಗಿ ಇಟ್ಟುಕೊಳ್ಳಿ. ಮಾಂಸದ ಅಂಗಡಿಗಳಲ್ಲಿ ಅದನ್ನೇ ಬಳಸುವುದಕ್ಕೆ ಕಾರಣ ಇದೆ. ಏಟು ತಿಂದರೂ ಸಿಬಿರು ಏಳುವುದಿಲ್ಲ.

ಪ್ಲೈವುಡ್ಡಿನಲ್ಲಿ ಮಾಡಬಾರದಾ?

ಮಾಡಬಹುದು. ಐಎಸ್ 710 ಗುರುತಿನ ಪ್ಲೈ ತೆಗೆದುಕೊಳ್ಳಿ. ಅದರ ಅಂಟನ್ನು 72 ಗಂಟೆ ಕುದಿಯುವ ನೀರಿನಲ್ಲಿ ಇಟ್ಟು ಪರೀಕ್ಷೆ ಮಾಡುತ್ತಾರೆ. ಐಎಸ್ 303 ಅಂತ ಬರೆದಿರುವ ಎಂಆರ್ (ತೇವ ಮಾತ್ರ ತಡೆಯುವ) ಪ್ಲೈ ಬಟ್ಟೆ ಕಪಾಟಿಗೆ ಸಾಕು, ಅಡುಗೆಮನೆಗೆ ಸಾಲದು. ಯಾವ ಪ್ಲೈ ಆದರೂ ಕತ್ತರಿಸಿದ ಅಂಚಿನಿಂದಲೇ ನೀರು ಒಳಗೆ ಹೋಗುತ್ತದೆ, ಅಲ್ಲಿಗೆ ಮರದ ಪಟ್ಟಿ ಅಂಟಿಸಿ ಮುಚ್ಚಿ.

ಎಷ್ಟು ಮರ ಬೇಕು? ಸಾ ಮಿಲ್ಲಿನಲ್ಲಿ ಸಿಎಫ್‌ಟಿ ಅಂತಾರೆ, ಲೆಕ್ಕ ಹೇಗೆ?

ಸಿಎಫ್‌ಟಿ ಅಂದರೆ ಘನ ಅಡಿ. ಉದ್ದವನ್ನು ಅಡಿಯಲ್ಲಿ, ಅಗಲ ಮತ್ತು ದಪ್ಪವನ್ನು ಇಂಚಿನಲ್ಲಿ ತೆಗೆದುಕೊಂಡು ಮೂರನ್ನೂ ಗುಣಿಸಿ, 144ರಿಂದ ಭಾಗಿಸಿ. ಇಷ್ಟು ಗೊತ್ತಿದ್ದರೆ ಬಿಲ್ಲನ್ನು ನೀವೇ ತಾಳೆ ನೋಡಬಹುದು.

34 ಇಂಚು ಎತ್ತರದ ಐಲ್ಯಾಂಡಿಗೆ ಬೇಕಾಗುವುದು ಇಷ್ಟು. ಮೇಲಿನ ಹಲಗೆ 4 ಅಡಿ ಉದ್ದ, 24 ಇಂಚು ಅಗಲ, ಒಂದೂವರೆ ಇಂಚು ದಪ್ಪ. ಇದೊಂದೇ ಸರಿಯಾಗಿ 1 ಸಿಎಫ್‌ಟಿ. ಕಾಲು ನಾಲ್ಕು, 3 ಇಂಚು ಚೌಕ, ಉದ್ದ 32½ ಇಂಚು. ಇವು 0.68. ಕಾಲುಗಳನ್ನು ಸೇರಿಸುವ ಅಡ್ಡಪಟ್ಟಿ 4 ಇಂಚು ಅಗಲ, 1¼ ಇಂಚು ದಪ್ಪ. 38 ಇಂಚಿನವು ನಾಲ್ಕು, 14 ಇಂಚಿನವು ನಾಲ್ಕು, ಒಟ್ಟು 0.6. ಕೆಳಗಿನ ಶೆಲ್ಫಿಗೆ ಮುಕ್ಕಾಲು ಇಂಚು ದಪ್ಪದ ಪಟ್ಟಿಗಳು, 0.38. ಎಲ್ಲ ಸೇರಿ 2.66 ಸಿಎಫ್‌ಟಿ. ಕೀಸುವಾಗ, ಕತ್ತರಿಸುವಾಗ ಹೋಗುವುದಕ್ಕೆ ಕಾಲು ಭಾಗ ಸೇರಿಸಿ, 3.3ರಿಂದ 3.5 ಸಿಎಫ್‌ಟಿ ತನ್ನಿ.

ಮಿಲ್ಲಿನಲ್ಲಿ 3 ಇಂಚು ಅಂತ ಕೊಟ್ಟಿದ್ದು ಕೀಸಿದ ಮೇಲೆ 2¾ ಆಗುತ್ತದೆ. ಕೀಸಿದ ಮೇಲಿನ ಅಳತೆ ಹಿಡಿದೇ ಗೆರೆ ಎಳೆಯಿರಿ. ಅಲ್ಲೇ ಮೆಷಿನ್ನಿನಲ್ಲಿ ನಾಲ್ಕೂ ಬದಿ ಕೀಸಿಸಿಕೊಂಡು ಬನ್ನಿ. ಚೂರು ಕೂಲಿ ಕೊಟ್ಟರೂ ಮನೆಯಲ್ಲಿ ಒಂದು ವಾರದ ಬೆವರು ಉಳಿಯುತ್ತದೆ.

ಮರ ಒಣಗಿದೆಯೋ ಇಲ್ವೋ ಹೇಗೆ ತಿಳಿಯೋದು?

ತೇವ ಅಳೆಯುವ ಮೀಟರ್ ಇದ್ದರೆ 12 ಶೇಕಡಾ ಅಥವಾ ಅದಕ್ಕಿಂತ ಕಡಿಮೆ ತೋರಿಸಬೇಕು. ಮೀಟರ್ ಇಲ್ಲವಾದರೆ ಮಿಲ್ಲಿನಿಂದ ಒಂದು ಸಣ್ಣ ತುಂಡು ಮೊದಲೇ ತನ್ನಿ. ಅಡುಗೆಮನೆಯ ತಕ್ಕಡಿಯಲ್ಲಿ ಗ್ರಾಂ ಲೆಕ್ಕದಲ್ಲಿ ತೂಗಿ ಬರೆದಿಡಿ. ಫ್ಯಾನ್ ಕೆಳಗೆ ಇಟ್ಟು ವಾರದ ನಂತರ ಮತ್ತೆ ತೂಗಿ. ತೂಕ ಇಳಿಯುತ್ತಲೇ ಇದ್ದರೆ ಅದು ಹಸಿ ಮರ. ನೆರಳಿನಲ್ಲಿ ತಾನಾಗಿ ಒಣಗಲು ಒಂದಿಂಚು ದಪ್ಪಕ್ಕೆ ಒಂದು ವರ್ಷ ಅನ್ನುವುದು ಹಳೆಯ ಅಂದಾಜು.

ಒಣ ಮರ ತಂದ ಮೇಲೂ ಎರಡು ವಾರ ಮನೆಯೊಳಗೆ ಇಡಿ. ಹಲಗೆಗಳ ನಡುವೆ ಸಣ್ಣ ಪಟ್ಟಿ ಇಟ್ಟು ಗಾಳಿಯಾಡಲು ಬಿಡಿ. ಆಷಾಢದಲ್ಲಿ ಈ ಕೆಲಸ ಶುರುಮಾಡುವುದು ಬೇಡ. ಸಂಕ್ರಾಂತಿ ಕಳೆದ ಮೇಲೆ, ಬೇಸಿಗೆ ಮುಗಿಯುವುದರೊಳಗೆ ಮಾಡುವುದು ಒಳ್ಳೆಯದು.

ಯಾವ ಯಾವ ಉಪಕರಣ ಬೇಕು?

ಗರಗಸ, ಡ್ರಿಲ್, ಮೂಲೆಮಟ್ಟ, ಟೇಪು, ಒಂದು ಉಳಿ, ಸುತ್ತಿಗೆ, ಉಪ್ಪು ಕಾಗದ 80, 120, 220 ನಂಬರಿನವು. ಇದರಲ್ಲಿ ಮೂಲೆಮಟ್ಟಕ್ಕೆ ಮಾತ್ರ ಕಂಜೂಸುತನ ಮಾಡಬೇಡಿ. ಕಟ್ಟಿಂಗ್ ಮೆಷಿನ್ ಬಳಸುವುದಾದರೆ ಕನ್ನಡಕ ಹಾಕಿ, ಸೆರಗು, ದುಪಟ್ಟಾ, ಲುಂಗಿ ಯಾವುದೂ ಜೋಲಾಡದಿರಲಿ.

ಜೋಡಿಸುವುದು ಹೇಗೆ? ಸ್ಕ್ರೂ ಮಾತ್ರ ಸಾಕಾ?

ಸಾಲದು. ಅಡ್ಡಪಟ್ಟಿಯ ತುದಿಯಲ್ಲಿ ಮರದ ನಾರು ಉದ್ದಕ್ಕೆ ಓಡುತ್ತದೆ. ಅಲ್ಲಿಗೆ ಹೊಡೆದ ಸ್ಕ್ರೂ ದಿನ ಕಳೆದಂತೆ ಸಡಿಲವಾಗುತ್ತದೆ. ಆಚಾರ್ರು ಮಾಡುವ ತೂತು, ನಾಲಿಗೆಯ ಜೋಡಣೆ ಎಲ್ಲಕ್ಕಿಂತ ಗಟ್ಟಿ, ಆದರೆ ಅದಕ್ಕೆ ಕೈ ಪಳಗಬೇಕು. ಹೊಸಬರಿಗೆ ಮರದ ಗೂಟದ ಜೋಡಣೆ ಸಾಕು. ಹಾರ್ಡ್‌ವೇರ್ ಅಂಗಡಿಯಲ್ಲಿ ಡೋವೆಲ್ ಅಂತ ಕೇಳಿ. 10 ಮಿಲಿಮೀಟರ್ ದಪ್ಪ, 2 ಇಂಚು ಉದ್ದದ್ದು ತನ್ನಿ.

ಮೊದಲು ನಾಲ್ಕೂ ಕಾಲುಗಳನ್ನು ಪಕ್ಕಪಕ್ಕ ಮಲಗಿಸಿ ಒಂದೇ ಸಲ ಅಡ್ಡಗೆರೆ ಎಳೆಯಿರಿ. ಬೇರೆ ಬೇರೆಯಾಗಿ ಅಳೆದರೆ ಕೂದಲೆಳೆ ವ್ಯತ್ಯಾಸ ಬಂದೇ ಬರುತ್ತದೆ. ಪ್ರತಿ ಅಡ್ಡಪಟ್ಟಿಯ ತುದಿಗೂ ಎರಡು ತೂತು, ಅದಕ್ಕೆ ಎದುರಾಗಿ ಕಾಲಿನಲ್ಲಿ ಎರಡು ತೂತು. ಆಳ ಒಂದಿಂಚಿಗಿಂತ ಕೊಂಚ ಜಾಸ್ತಿ ಇರಲಿ, ತಳದಲ್ಲಿ ಅಂಟು ನಿಲ್ಲಲು ಜಾಗ ಬೇಕು. ಡ್ರಿಲ್ ಬಿಟ್ಟಿಗೆ ಆ ಅಳತೆಯಲ್ಲಿ ಟೇಪು ಸುತ್ತಿಕೊಂಡರೆ ಆಳ ತಪ್ಪುವುದಿಲ್ಲ. ಕೆಳಗಿನ ಅಡ್ಡಪಟ್ಟಿ ನೆಲದಿಂದ 6 ಇಂಚು ಮೇಲಿರಲಿ. ಪೊರಕೆ, ಒರೆಸುವ ಬಟ್ಟೆ ಆರಾಮಾಗಿ ಆಡಬೇಕು.

ಅಂಟು ಹಾಕುವ ಮೊದಲು ಎಲ್ಲವನ್ನೂ ಒಮ್ಮೆ ಒಣದಾಗಿಯೇ ಜೋಡಿಸಿ ನೋಡಿ. ಸರಿ ಬಂದರೆ ಬಿಚ್ಚಿ, ನೀರಿಗೆ ತಡೆಯುವ ಅಂಟು ಹಾಕಿ. ಫೆವಿಕಾಲ್ ಮರೀನ್ ಸುಲಭವಾಗಿ ಸಿಗುತ್ತದೆ. ಮೊದಲ ದಿನ ಚಿಕ್ಕ ಬದಿಗಳೆರಡನ್ನು ಜೋಡಿಸಿ. ಮಾರನೇ ದಿನ ಉದ್ದದ ಪಟ್ಟಿಗಳಿಂದ ಅವೆರಡನ್ನು ಸೇರಿಸಿ. ಕ್ಲ್ಯಾಂಪ್ ಇಲ್ಲದಿದ್ದರೆ ಸುತ್ತಲೂ ಹಗ್ಗ ಕಟ್ಟಿ, ನಡುವೆ ಕೋಲು ಸಿಕ್ಕಿಸಿ ತಿರುಚಿ ಬಿಗಿಮಾಡಿ. ಬಿಗಿಯಾದ ತಕ್ಷಣ ಮೂಲೆಯಿಂದ ಎದುರು ಮೂಲೆಗೆ ಟೇಪು ಹಿಡಿಯಿರಿ, ಎರಡೂ ಕಡೆ. ಎರಡು ಅಳತೆ ಒಂದೇ ಆದರೆ ಚೌಕಟ್ಟು ಸರಿಯಿದೆ. ಇಲ್ಲವಾದರೆ ಉದ್ದ ಬಂದ ಮೂಲೆಗಳನ್ನು ಹತ್ತಿರಕ್ಕೆ ಒತ್ತಿ. ಅಂಟು ಹಸಿಯಿದ್ದಾಗ ಮಾತ್ರ ಇದು ಸಾಧ್ಯ. ಆಮೇಲೆ 24 ಗಂಟೆ ಮುಟ್ಟಬೇಡಿ.

ಕೊನೆಗೆ ಒಳಮೂಲೆಗಳಿಗೆ ತ್ರಿಕೋನದ ಮರದ ತುಂಡು ಇಟ್ಟು ಎರಡೂ ಪಟ್ಟಿಗಳಿಗೆ ಸ್ಕ್ರೂ ಹಾಕಿ. ಸ್ಕ್ರೂಗಿಂತ ಸಣ್ಣ ತೂತು ಮೊದಲೇ ಕೊರೆದುಕೊಳ್ಳಿ, ಇಲ್ಲದಿದ್ದರೆ ಗಟ್ಟಿ ಮರ ಸೀಳುತ್ತದೆ. ರೊಟ್ಟಿ ಬಡಿಯುವ ಏಟನ್ನು ತಡೆಯುವುದು ಈ ತ್ರಿಕೋನಗಳೇ.

ಮೇಲಿನ ಹಲಗೆಯನ್ನು ನೇರವಾಗಿ ಸ್ಕ್ರೂ ಹೊಡೆದು ಕೂರಿಸಬಹುದಾ?

ಪ್ಲೈ ಆದರೆ ಹೌದು. ಮರವಾದರೆ ಖಂಡಿತ ಬೇಡ. ಮರ ಉದ್ದಕ್ಕೆ ಹೆಚ್ಚೇನೂ ಬದಲಾಗುವುದಿಲ್ಲ, ಅಗಲಕ್ಕೆ ಹಿಗ್ಗುತ್ತದೆ, ಕುಗ್ಗುತ್ತದೆ. ಮಳೆಗಾಲದಲ್ಲಿ ಹಳೇ ಬಾಗಿಲು ಚೌಕಟ್ಟಿಗೆ ಸಿಕ್ಕಿಕೊಳ್ಳುವುದು ಇದೇ ಕಾರಣಕ್ಕೆ. 2 ಅಡಿ ಅಗಲದ ಹಲಗೆ ಏಪ್ರಿಲ್ಲಿಗೂ ಜುಲೈಗೂ ನಡುವೆ ಕಾಲು ಇಂಚಿನವರೆಗೆ ಹಿಗ್ಗಬಹುದು. ಅದನ್ನು ನಾಲ್ಕೂ ಕಡೆ ಬಿಗಿದು ಕಟ್ಟಿದರೆ ಹಲಗೆ ಸೀಳುತ್ತದೆ ಅಥವಾ ಚೌಕಟ್ಟು ಬಿಚ್ಚಿಕೊಳ್ಳುತ್ತದೆ.

ಉದ್ದನೆಯ ತೂತಿರುವ ಎಲ್ ಆಕಾರದ ಕ್ಲಿಪ್ಪುಗಳನ್ನು ಅಡ್ಡಪಟ್ಟಿಯ ಒಳಬದಿಗೆ ಹಾಕಿ. ಚಿಕ್ಕ ಬದಿಗಳ ನಡುಮಧ್ಯದ ಕ್ಲಿಪ್ಪನ್ನು ಬಿಗಿಯಾಗಿ, ಉಳಿದವನ್ನು ಸ್ಕ್ರೂ ಜರುಗುವಷ್ಟು ಸಡಿಲವಾಗಿ. ಉದ್ದನೆಯ ತೂತು ಹಲಗೆಯ ಅಗಲದ ದಿಕ್ಕಿಗೇ ಇರಬೇಕು.

ಹಲಗೆ ಚೌಕಟ್ಟಿನಿಂದ ಎಲ್ಲ ಕಡೆ 2 ಇಂಚು ಹೊರಗೆ ಚಾಚಿರಲಿ. ಅಂಚಿಗೆ ಬಿಗಿಯುವ ತೆಂಗಿನಕಾಯಿ ತುರಿಯುವ ಯಂತ್ರ ನಿಮ್ಮಲ್ಲಿದ್ದರೆ ಅದರ ಬಾಯಿ ಎಷ್ಟು ತೆರೆಯುತ್ತದೆ ಅಂತ ಮೊದಲೇ ನೋಡಿ. ಒಂದೂವರೆ ಇಂಚಿನ ಹಲಗೆ ಕೆಲವಕ್ಕೆ ಹಿಡಿಸುವುದಿಲ್ಲ. ರಬ್ಬರ್ ತಳದಿಂದ ಗಾಳಿ ಎಳೆದು ಅಂಟಿಕೊಳ್ಳುವ ಬಗೆಯದು ಎಣ್ಣೆ ಹಚ್ಚಿದ ಮರದ ಮೇಲೆ ನಿಲ್ಲುವುದೇ ಇಲ್ಲ. ದಿನಾ ಕಾಯಿ ತುರಿಯುವ ಮನೆಗಳಿಗೆ ಇದು ಸಣ್ಣ ವಿಷಯ ಅಲ್ಲ.

ಮರದ ಬದಲು ಮೇಲೆ ಗ್ರಾನೈಟ್ ಹಾಕಿದರೆ?

ಚೆನ್ನಾಗಿರುತ್ತದೆ. ನೀರಿನ ಚಿಂತೆ ಅರ್ಧ ಕಳೆಯುತ್ತದೆ. ಆದರೆ 18ರಿಂದ 20 ಮಿಲಿಮೀಟರ್ ದಪ್ಪದ ಕಲ್ಲು ಚದರ ಅಡಿಗೆ ನಾಲ್ಕೂವರೆಯಿಂದ 5 ಕಿಲೋ ತೂಗುತ್ತದೆ. 8 ಚದರ ಅಡಿಗೆ 36ರಿಂದ 40 ಕಿಲೋ. ನಡುವೆ ಇನ್ನೊಂದು ಅಡ್ಡಪಟ್ಟಿ ಕೊಡಿ, ಕಲ್ಲಿನ ಕೆಳಗೆ ಪ್ಲೈ ಹಾಸಿ, ಸಿಲಿಕಾನ್ ಅಂಟಿನಲ್ಲಿ ಕೂರಿಸಿ. ಕಲ್ಲಿನ ದಪ್ಪ, ಪ್ಲೈ ದಪ್ಪ ಎರಡನ್ನೂ ಒಟ್ಟು ಎತ್ತರದಿಂದ ಕಳೆದು ಕಾಲಿನ ಉದ್ದ ಲೆಕ್ಕ ಹಾಕುವುದು ಮರೆಯಬೇಡಿ.

ನೆಲ ಒರೆಸುವಾಗ ಕಾಲು ನೆನೆಯುತ್ತದಲ್ಲ?

ಇದನ್ನು ಯಾವ ನಕ್ಷೆಯವರೂ ಹೇಳುವುದಿಲ್ಲ. ಆದರೆ ನಮ್ಮಲ್ಲಿ ಮರದ ಸಾಮಾನು ಕೊಳೆಯಲು ಶುರುವಾಗುವುದೇ ಕಾಲಿನ ಬುಡದಿಂದ. ಕತ್ತರಿಸಿದ ತುದಿಯಲ್ಲಿ ನಾರುಗಳ ಬಾಯಿ ತೆರೆದೇ ಇರುತ್ತದೆ, ನೀರನ್ನು ಮೇಲಕ್ಕೆ ಎಳೆದುಕೊಳ್ಳುತ್ತದೆ. ಕಾಲಿನ ತಳಕ್ಕೆ ಎಪಾಕ್ಸಿ ಅಂಟನ್ನು ಎರಡು ಮೂರು ಸಲ, ಮರ ಕುಡಿಯುವುದು ನಿಲ್ಲಿಸುವವರೆಗೆ ಹಚ್ಚಿ. ಒಣಗಿದ ಮೇಲೆ ಅರ್ಧ ಇಂಚಿನ ನೈಲಾನ್ ಅಥವಾ ರಬ್ಬರ್ ಬುಷ್ ಹಾಕಿ. ಅಷ್ಟು ಎತ್ತರವಾದರೆ ಮರ ಒದ್ದೆ ನೆಲವನ್ನು ಮುಟ್ಟುವುದೇ ಇಲ್ಲ. ಕಲ್ಲುನೆಲ ಏರುಪೇರಿದ್ದರೆ ತಿರುಗಿಸಿ ಸರಿಮಾಡುವ ಬುಷ್ ತನ್ನಿ.

ಮೇಲೆ ಏನು ಹಚ್ಚಬೇಕು? ತೆಂಗಿನೆಣ್ಣೆ ಆಗುತ್ತಾ?

ತೆಂಗಿನೆಣ್ಣೆ, ಕಡಲೆಕಾಯಿ ಎಣ್ಣೆ ಬೇಡ. ಅವು ಮರದಲ್ಲಿ ಒಣಗಿ ಗಟ್ಟಿಯಾಗುವುದಿಲ್ಲ. ಕಡಲೆಕಾಯಿ ಎಣ್ಣೆ ಕೆಲವು ತಿಂಗಳಲ್ಲಿ ಕಮಟು ವಾಸನೆ ಬರುತ್ತದೆ.

ಅಗಸೆ ಎಣ್ಣೆ ಹಾಗಲ್ಲ. ಗಾಳಿ ತಾಗಿದರೆ ಅದು ತಾನಾಗಿ ಗಟ್ಟಿಯಾಗುತ್ತದೆ. ಉತ್ತರ ಕರ್ನಾಟಕದಲ್ಲಿ ಚಟ್ನಿಪುಡಿ ಮಾಡುವ ಅದೇ ಅಗಸೆ. ಗಾಣದಲ್ಲಿ ತೆಗೆದ ತಿನ್ನುವ ಎಣ್ಣೆಯನ್ನೇ ತನ್ನಿ. ಬಣ್ಣದಂಗಡಿಯಲ್ಲಿ ಡಬಲ್ ಬಾಯಿಲ್ಡ್ ಹೆಸರಲ್ಲಿ ಸಿಗುವುದಕ್ಕೆ ಬೇಗ ಒಣಗಲು ಲೋಹದ ಲವಣಗಳನ್ನು ಸೇರಿಸಿರುತ್ತಾರೆ. ಹಿಟ್ಟು ತಾಗುವ ಹಲಗೆಗೆ ಅದು ಸಲ್ಲದು. ತೆಳ್ಳಗೆ ಹಚ್ಚಿ, ಅರ್ಧ ಗಂಟೆ ಬಿಟ್ಟು, ಉಳಿದದ್ದನ್ನು ಪೂರ್ತಿ ಒರೆಸಿ. ಕೆಲವು ದಿನ ಒಣಗಲು ಬಿಟ್ಟು ಮತ್ತೆ ಹಚ್ಚಿ. ಹೀಗೆ ಮೂರು ನಾಲ್ಕು ಸಲ. ಆತುರಪಟ್ಟು ದಪ್ಪಗೆ ಹಚ್ಚಿದರೆ ಅಂಟಂಟಾಗಿಯೇ ಉಳಿಯುತ್ತದೆ.

ಒಂದು ಮಾತು ದಯವಿಟ್ಟು ನೆನಪಿಡಿ. ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಒಣಗುವಾಗ ಎಣ್ಣೆ ಬಿಸಿಯಾಗುತ್ತದೆ, ಮುದ್ದೆಯೊಳಗೆ ಬಿಸಿ ಕೂಡಿ ಬಟ್ಟೆಗೆ ತಾನಾಗಿ ಬೆಂಕಿ ಹತ್ತಬಹುದು. ನೀರಿನಲ್ಲಿ ನೆನೆಸಿ, ಅಂಗಳದಲ್ಲಿ ಬಿಡಿಸಿ ಹರಡಿ ಒಣಗಿಸಿ, ಆಮೇಲೆ ಎಸೆಯಿರಿ.

ಅಷ್ಟು ದಿನ ಕಾಯಲು ಆಗದವರು ಮೆಡಿಕಲ್ ಅಂಗಡಿಯ ಲಿಕ್ವಿಡ್ ಪ್ಯಾರಾಫಿನ್ ಬಳಸಬಹುದು. ನಾಲ್ಕು ಪಾಲು ಎಣ್ಣೆಗೆ ಒಂದು ಪಾಲು ಜೇನುಮೇಣ ಸೇರಿಸಿ, ಬಿಸಿನೀರಿನ ಪಾತ್ರೆಯೊಳಗೆ ಇಟ್ಟು ಕರಗಿಸಿ. ಹಚ್ಚಲು ಸುಲಭ, ವಾಸನೆ ಇಲ್ಲ, ಆದರೆ ತಿಂಗಳಿಗೊಮ್ಮೆ ಮತ್ತೆ ಹಚ್ಚಬೇಕು.

ಕರಾವಳಿಯಲ್ಲಿ ದೋಣಿಗೆ, ಮಾಡಿನ ಪಕ್ಕಾಸಿಗೆ (ಛಾವಣಿಯ ಮರದ ಪಟ್ಟಿಗಳಿಗೆ) ಹಚ್ಚುವ ಗೇರೆಣ್ಣೆ, ಅಂದರೆ ಗೇರುಬೀಜದ ಸಿಪ್ಪೆಯ ಎಣ್ಣೆ, ಗೆದ್ದಲಿಗೆ ಒಳ್ಳೆಯ ಮದ್ದು. ಆದರೆ ಅದು ಚರ್ಮ ಸುಡುತ್ತದೆ. ಅಡುಗೆಮನೆಗೆ ತರಬೇಡಿ. ಕಾಲು, ಅಡ್ಡಪಟ್ಟಿಗಳಿಗೆ ಪಿಯು ಪಾಲಿಶ್ ಧಾರಾಳವಾಗಿ ಹಾಕಬಹುದು, ಅಲ್ಲಿ ಆಹಾರ ತಾಗುವುದಿಲ್ಲ.

ಚಕ್ರ ಹಾಕಿಸಲೇ?

ಬಾಡಿಗೆ ಮನೆಯಾದರೆ, ಜಾಗ ಚಿಕ್ಕದಾದರೆ ಹಾಕಿ. ನಾಲ್ಕಕ್ಕೂ ಬ್ರೇಕ್ ಇರಲಿ, ಒಂದೊಂದೂ 50 ಕಿಲೋ ಹೊರುವಂಥದ್ದಿರಲಿ. ಒಳ್ಳೆಯ ಮರದ ಐಲ್ಯಾಂಡ್ ಖಾಲಿಯಿದ್ದಾಗಲೇ 45ರಿಂದ 50 ಕಿಲೋ ಇರುತ್ತದೆ. ರೊಟ್ಟಿ ಬಡಿಯುವವರು ಚಕ್ರದ ಯೋಚನೆ ಬಿಡುವುದು ಒಳ್ಳೆಯದು.

ಗ್ಯಾಸ್ ಒಲೆ, ಮಿಕ್ಸಿ, ಗ್ರೈಂಡರ್ ಇಡಬಹುದಾ?

ಗ್ಯಾಸ್ ಒಲೆ ಬೇಡವೇ ಬೇಡ. ರಬ್ಬರ್ ಪೈಪು ಒಂದೂವರೆ ಮೀಟರಿಗಿಂತ ಉದ್ದ ಇರಬಾರದು, ಓಡಾಡುವ ದಾರಿಗೆ ಅಡ್ಡ ಬರಲೇಬಾರದು. ಮಿಕ್ಸಿ ಇಡಬಹುದು, ಆದರೆ ವೈರು ನೆಲದ ಮೇಲೆ ಹಾಯದಂತೆ ನೋಡಿಕೊಳ್ಳಿ. ಗೋಡೆಯ ಪ್ಲಗ್ಗಿಗೆ ಹತ್ತಿರ ತಳ್ಳಿ ಬಳಸುವುದು ಸರಿಯಾದ ದಾರಿ. ಇಂಡಕ್ಷನ್ ಒಲೆಗೆ ಎಕ್ಸ್‌ಟೆನ್ಷನ್ ಬೋರ್ಡು ಬಳಸಬೇಡಿ. ವೆಟ್ ಗ್ರೈಂಡರ್ ಕೆಳಗಿನ ಶೆಲ್ಫಿನಲ್ಲಿ ಇರಲಿ. ಭಾರ ಕೆಳಗಿದ್ದರೆ ಐಲ್ಯಾಂಡ್ ಅಲ್ಲಾಡುವುದಿಲ್ಲ.

ನಮ್ಮದೇ ತೋಟದ ಮರ ಕಡಿದು ಮಾಡಬಹುದಾ?

1976ರ ಕರ್ನಾಟಕ ಮರಗಳ ಸಂರಕ್ಷಣಾ ಕಾಯ್ದೆ ಸ್ವಂತ ಜಮೀನಿನ ಮರಕ್ಕೂ ಅನ್ವಯಿಸುತ್ತದೆ. ಸಿಲ್ವರ್ ಓಕ್, ರಬ್ಬರ್, ನೀಲಗಿರಿಯಂಥ ಕೆಲವಕ್ಕೆ ವಿನಾಯಿತಿ ಇದೆ. ತೇಗ, ಬೀಟೆ, ಹೊನ್ನೆಗೆ ಅನುಮತಿ ಬೇಕು. ಯಾವ ಮರವಾದರೂ ಕೊಡಲಿ ಹಾಕುವ ಮೊದಲು ವಲಯ ಅರಣ್ಯಾಧಿಕಾರಿ ಕಚೇರಿಯಲ್ಲಿ ಕೇಳಿ. ಕಡಿದ ಮರವನ್ನು ಕೂಡಲೇ ಬಳಸಲು ಆಗುವುದಿಲ್ಲ, ಒಣಗಲು ಬಿಡಬೇಕು.

ಅರಿಶಿನದ ಕಲೆ, ಕಪ್ಪು ಕಲೆ ಹೋಗಿಸುವುದು ಹೇಗೆ?

ಅರಿಶಿನದ ಬಣ್ಣ ಬಿಸಿಲಿಗೆ ಮಾಸುತ್ತದೆ. ಸೋಪು ನೀರಿನ ಬಟ್ಟೆಯಲ್ಲಿ ಒರೆಸಿ, ಕಿಟಕಿಯ ಬಿಸಿಲು ಬೀಳುವಂತೆ ಮಾಡಿದರೆ ಕೆಲವು ದಿನಗಳಲ್ಲಿ ತಿಳಿಯಾಗುತ್ತದೆ. ಕಬ್ಬಿಣದ ಕಾವಲಿ ಒದ್ದೆಯಾಗಿ ಕೂತ ಜಾಗದಲ್ಲಿ ಬರುವ ನೀಲಿಗಪ್ಪು ಕಲೆ ಮರದ ಒಗರೂ ಕಬ್ಬಿಣವೂ ಸೇರಿ ಆದದ್ದು. ನಿಂಬೆರಸ ಹಚ್ಚಿ ಕಾಲು ಗಂಟೆ ಬಿಟ್ಟು ಒರೆಸಿ, ಒಣಗಿದ ಮೇಲೆ ಎಣ್ಣೆ ಹಚ್ಚಿ. ಬಿಸಿ ಕುಕ್ಕರಿಗೆ ಸ್ಟ್ಯಾಂಡ್ ಇಡುವ ಅಭ್ಯಾಸ ಮಾಡಿಕೊಳ್ಳಿ. ಸುಟ್ಟ ಗುರುತನ್ನು ಉಪ್ಪು ಕಾಗದದಿಂದ ಉಜ್ಜಿಯೇ ತೆಗೆಯಬೇಕು.

ಎಷ್ಟು ದಿನಕ್ಕೊಮ್ಮೆ ನೋಡಿಕೊಳ್ಳಬೇಕು?

ಹಲಗೆಯ ಮೇಲೆ ನಾಲ್ಕು ಹನಿ ನೀರು ಹಾಕಿ. ಹನಿ ಹನಿಯಾಗಿಯೇ ನಿಂತರೆ ಎಣ್ಣೆ ಇನ್ನೂ ಇದೆ. ಹರಡಿ ಕಪ್ಪಗಾದರೆ ಹಚ್ಚುವ ಹೊತ್ತು ಬಂದಿದೆ. ಅಗಸೆ ಎಣ್ಣೆಯಾದರೆ ಮಳೆಗೆ ಮೊದಲು ಮೇ ತಿಂಗಳಲ್ಲೊಮ್ಮೆ, ಮಳೆ ಮುಗಿದ ಮೇಲೆ ಅಕ್ಟೋಬರಿನಲ್ಲೊಮ್ಮೆ ಸಾಕು. ಹಲಗೆಯ ಅಡಿಭಾಗಕ್ಕೂ ಹಚ್ಚಿ. ಮೇಲೆ ಮಾತ್ರ ಹಚ್ಚಿದರೆ ತೇವ ಕೆಳಗಿನಿಂದ ಹಿಡಿದು ಹಲಗೆ ಬಾಗುತ್ತದೆ. ಅದೇ ಹೊತ್ತಿಗೆ ಒಳಮೂಲೆಯ ಸ್ಕ್ರೂಗಳನ್ನೂ ಒಂದು ಸುತ್ತು ಬಿಗಿ ಮಾಡಿ, ಕಾಲಿನ ಬುಷ್ ಸವೆದಿದೆಯಾ ಅಂತ ಬಗ್ಗಿ ನೋಡಿ.